ದೋಷದ ವಾಯಿದೆ

ಲಾರಿಯ ವಾರಂಟಿ ಮುಗಿಯುವ ಮುಂಚೆ ಒಂದು ಸಲ ಪೂರ್ತಿ ತಪಾಸಣೆ ಮಾಡಿಸಬೇಕು ಎನ್ನುವುದು ನಮ್ಮ ಕಸುಬಿನಲ್ಲಿ ಎಲ್ಲರಿಗೂ ಗೊತ್ತಿರುವ ಮಾತು. ಗೊತ್ತಿದ್ದೂ ಮಾಡಿಸುವವರು ಕಡಿಮೆ. ಗಾಡಿ ನಿಂತರೆ ಬಾಡಿಗೆ ನಿಲ್ಲುತ್ತದೆ, ಫೈನಾನ್ಸಿನ ಕಂತು ನಿಲ್ಲುವುದಿಲ್ಲ. ಚೆನ್ನಾಗಿ ಓಡುತ್ತಿರುವ ಗಾಡಿಯನ್ನು ತಂದು ಸರ್ವೀಸ್ ಸ್ಟೇಷನ್ನಿನ ಗುಂಡಿಯ ಮೇಲೆ ನಿಲ್ಲಿಸಿ, ‘ಎಲ್ಲಿ ಕೆಟ್ಟಿದೆ ಹುಡುಕಿ’ ಎಂದು ಹೇಳುವುದಕ್ಕೆ ಮನಸ್ಸು ಸುಲಭವಾಗಿ ಒಪ್ಪುವುದಿಲ್ಲ.

ನಾನು ಚನ್ನರಾಯಪಟ್ಟಣದವನು. ಹಾಸನದ ಆಲೂಗಡ್ಡೆ ಮಂಗಳೂರಿಗೆ, ಪಣಂಬೂರಿನ ಗೊಬ್ಬರ ಈ ಕಡೆಗೆ. ಶಿರಾಡಿ ಘಾಟಿ ಹತ್ತಿ ಇಳಿದೇ ನಮ್ಮ ಮನೆ ನಡೆದಿದೆ. ಹುಟ್ಟಿದ್ದು ಜೈನರ ಮನೆಯಲ್ಲಿ. ಶ್ರವಣಬೆಳಗೊಳ ನಮಗೆ ಮಗ್ಗುಲಲ್ಲೇ ಇರುವ ಊರು. ಈ ವರ್ಷ ನಮ್ಮ ಹತ್ತು ಚಕ್ರದ ಲಾರಿಯ ಮೀಟರು ಆರು ಲಕ್ಷದ ಸಮೀಪಕ್ಕೆ ಬಂತು. ಎಂಜಿನ್, ಗೇರ್‌ಬಾಕ್ಸ್, ಹಿಂದಿನ ಹೌಸಿಂಗು, ಇವಕ್ಕೆ ಆರು ವರ್ಷ ಅಥವಾ ಆರು ಲಕ್ಷ ಕಿಲೋಮೀಟರು, ಯಾವುದು ಮೊದಲೋ ಅದು ಎಂದು ಪತ್ರದಲ್ಲಿ ಬರೆದಿದೆ. ತಪಾಸಣೆಗೆ ಕೊಡುವ ಮುಂಚೆ ಆ ಪತ್ರವನ್ನು ಕೂತು ಪೂರ್ತಿ ಓದಿದೆ. ಓದುತ್ತಾ ಹೋದಂತೆ ಅದು ಬರೀ ಲಾರಿಯ ಕಾಗದವಾಗಿ ಉಳಿಯಲಿಲ್ಲ. ದೋಷ ಯಾರದು, ಅದನ್ನು ಹೊರುವವರು ಯಾರು, ಎಲ್ಲಿಯವರೆಗೆ ಹೊರುತ್ತಾರೆ ಎಂಬ ಮೂರು ಪ್ರಶ್ನೆ ಅದರಲ್ಲಿದ್ದವು. ಧರ್ಮಗಳು ಸಾವಿರಾರು ವರ್ಷದಿಂದ ಕೇಳುತ್ತಾ ಬಂದಿರುವುದೂ ಈ ಮೂರನ್ನೇ.

ವಾರಂಟಿ ಪತ್ರ ಕೆಡುಕನ್ನು ಮೂರು ಪಾಲು ಮಾಡುತ್ತದೆ. ಮೊದಲನೆಯದು ತಯಾರಿಯಲ್ಲೇ ಬಂದ ದೋಷ: ಎರಕದಲ್ಲಿ ಉಳಿದ ಬಿರುಕು, ಸರಿಯಾಗಿ ಹದಗೊಳ್ಳದ ಬೇರಿಂಗು, ನೆಟ್ಟಗೆ ಕೂರದ ಆಯಿಲ್ ಸೀಲು. ಅದು ಕಂಪನಿಯ ತಲೆಗೆ. ಎರಡನೆಯದು ಸವೆತ: ಕ್ಲಚ್ ಪ್ಲೇಟು, ಬ್ರೇಕ್ ಲೈನಿಂಗು, ಫಿಲ್ಟರು, ರಬ್ಬರ್ ಬುಷ್ಷು. ಓಡಿದ್ದು ಸವೆಯಲೇಬೇಕು, ಅದರಲ್ಲಿ ಯಾರ ತಪ್ಪೂ ಇಲ್ಲ, ಆದರೆ ಖರ್ಚು ಮಾಲೀಕನದು. ಮೂರನೆಯದು ಬಳಸಿದವನು ತಂದುಕೊಂಡದ್ದು: ಮಿತಿ ಮೀರಿದ ಲೋಡು, ತಪ್ಪಿಸಿದ ಸರ್ವೀಸು, ಕಂಡಕಂಡಲ್ಲಿ ಹಾಕಿಸಿದ ಆಯಿಲು. ಇಂಥದ್ದು ಒಂದು ಸಾಬೀತಾದರೆ ಅದಕ್ಕೆ ಸಂಬಂಧಪಟ್ಟ ಭಾಗದ ವಾರಂಟಿ ಅಲ್ಲಿಗೇ ಬಿದ್ದುಹೋಗುತ್ತದೆ.

ಮನುಷ್ಯನ ವಿಚಾರದಲ್ಲಿ ಈ ಪಾಲು ಮಾಡುವವರು ಯಾರು? ಒಬ್ಬ ಹುಟ್ಟುತ್ತಲೇ ಮುಂಗೋಪಿ, ಇನ್ನೊಬ್ಬ ಹುಟ್ಟುತ್ತಲೇ ಸಮಾಧಾನಿ. ಹಾಗೆ ಮಾಡಿದವನು ದೇವರಾದರೆ ಆ ಕೋಪದ ಹೊಣೆ ದೇವರದಲ್ಲವೇ? ಈ ಪ್ರಶ್ನೆಯನ್ನು ಬ್ರಹ್ಮಸೂತ್ರದ ಎರಡನೆಯ ಅಧ್ಯಾಯ ನೇರವಾಗಿ ಎತ್ತಿಕೊಳ್ಳುತ್ತದೆ. ಸೃಷ್ಟಿಯಲ್ಲಿ ಇಷ್ಟು ಏರುಪೇರು ಇರುವಾಗ ಈಶ್ವರ ಪಕ್ಷಪಾತಿ, ನಿರ್ದಯಿ ಎನ್ನಬೇಕಾಗುತ್ತದಲ್ಲ ಎಂಬುದು ಅಲ್ಲಿನ ಆಕ್ಷೇಪ. ಇಲ್ಲ, ಅವನು ಜೀವರ ಕರ್ಮವನ್ನು ನೋಡಿಕೊಂಡೇ ಸೃಷ್ಟಿಸುತ್ತಾನೆ ಎಂಬುದು ಉತ್ತರ. ಶಂಕರರು ಅಲ್ಲಿ ಮಳೆಯ ಉದಾಹರಣೆ ಕೊಡುತ್ತಾರೆ. ಮಳೆ ಎಲ್ಲಕ್ಕೂ ಒಂದೇ. ಒಂದು ಭತ್ತವಾಗುವುದು ಇನ್ನೊಂದು ಜವೆಯಾಗುವುದು ಬೀಜದ ಗುಣದಿಂದ. ಹಾಗಾದರೆ ಮೊಟ್ಟಮೊದಲ ಕರ್ಮ ಎಲ್ಲಿಂದ ಬಂತು ಎಂದು ಕೇಳಿದರೆ, ಸಂಸಾರಕ್ಕೆ ಮೊದಲೇ ಇಲ್ಲ ಎನ್ನುತ್ತದೆ ಮುಂದಿನ ಸೂತ್ರ. ಉಡುಪಿಯ ಮಧ್ವಾಚಾರ್ಯರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಜೀವರ ಸ್ವಭಾವವೇ ಅನಾದಿ, ಹರಿ ಅದನ್ನು ಹೊಸದಾಗಿ ತಯಾರಿಸುವುದಿಲ್ಲ, ಇರುವುದನ್ನು ಹೊರಗೆ ತರುತ್ತಾನೆ ಎಂದರು.

ನಮ್ಮ ಜೈನರಂತೂ ತಯಾರಕನನ್ನೇ ಒಪ್ಪುವುದಿಲ್ಲ. ಲೋಕವನ್ನು ಮಾಡಿದವರು ಯಾರೂ ಇಲ್ಲ. ಕರ್ಮವೆಂದರೆ ಆತ್ಮಕ್ಕೆ ಅಂಟುವ ಪುದ್ಗಲ, ಒಂದು ಬಗೆಯ ಸೂಕ್ಷ್ಮ ದ್ರವ್ಯ. ಅದು ಅಂಟುವುದು ನಮ್ಮ ಮನಸ್ಸು, ಮಾತು, ಮೈಗಳ ಅಲುಗಾಟದಿಂದ. ಬಿಗಿಯಾಗಿ ನಿಲ್ಲುವುದು ಕ್ರೋಧ, ಮಾನ, ಮಾಯೆ, ಲೋಭ ಎಂಬ ನಾಲ್ಕು ಕಷಾಯಗಳಿಂದ. ಹೀಗೆ ನಮ್ಮ ನಾಡಿನಲ್ಲಿ ಬೆಳೆದ ದೊಡ್ಡ ದರ್ಶನಗಳಲ್ಲಿ ಯಾವುದನ್ನು ಹಿಡಿದುಕೊಂಡರೂ, ನನ್ನ ದೋಷದ ಕ್ಲೇಮು ಬರೆದು ಕೊಡುವುದಕ್ಕೆ ಮೇಲೆ ಒಂದು ಕಚೇರಿ ಇಲ್ಲ. ದಾಸರು ಹರಿಯನ್ನು ಬಾಯಿತುಂಬ ಬೈದು ಹಾಡಿದ್ದಾರೆ ನಿಜ. ಅದು ಪ್ರೀತಿಯ ಸಲಿಗೆ. ತತ್ತ್ವದ ಲೆಕ್ಕದಲ್ಲಿ ಹೊಣೆ ತಿರುಗಿ ನನ್ನ ಮನೆ ಬಾಗಿಲಿಗೇ ಬಂದು ನಿಲ್ಲುತ್ತದೆ.

ಇದು ಕಠಿಣವಾದ ಮಾತು ಎಂದು ನನಗೆ ಬಹಳ ಕಾಲ ಅನ್ನಿಸುತ್ತಿತ್ತು. ಈ ಕಾಠಿಣ್ಯದ ಒಳಗೆ ಒಂದು ಕರುಣೆಯೂ ಇದೆ ಎಂದು ತಿಳಿದದ್ದು ಗೊಮ್ಮಟಸಾರದ ಒಂದು ಲೆಕ್ಕದಿಂದ. ಅದನ್ನು ಬರೆದವರು ಹತ್ತನೆಯ ಶತಮಾನದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು. ಬೆಳಗೊಳದ ಬೆಟ್ಟದ ಮೇಲೆ ಬಾಹುಬಲಿಯನ್ನು ನಿಲ್ಲಿಸಿದ ಗಂಗರ ಮಂತ್ರಿ ಚಾವುಂಡರಾಯನಿಗಾಗಿ ಬರೆದದ್ದು. ಮೂಲ ಪ್ರಾಕೃತ, 1359ರಲ್ಲಿ ಕೇಶವವರ್ಣಿ ಅದಕ್ಕೆ ಕನ್ನಡದಲ್ಲೇ ವ್ಯಾಖ್ಯಾನ ಬರೆದ. ಕಷಾಯಗಳು ಎಷ್ಟು ಕಾಲ ಒಳಗೆ ಉಳಿಯುತ್ತವೆ ಎನ್ನುವುದನ್ನು ಅದರ ಕರ್ಮಕಾಂಡ ನಾಲ್ಕು ದರ್ಜೆಯಾಗಿ ಹೇಳುತ್ತದೆ. ಅತಿ ತೆಳುವಾದದ್ದು ಒಂದು ಮುಹೂರ್ತದೊಳಗೆ, ಅಂದರೆ ನಮ್ಮ ಲೆಕ್ಕದ 48 ನಿಮಿಷದೊಳಗೆ ಇಳಿದುಹೋಗುತ್ತದೆ. ಅದಕ್ಕಿಂತ ದಪ್ಪನೆಯದು ಒಂದು ಪಕ್ಷ. ಅದಕ್ಕೂ ಮೇಲಿನದು ಆರು ತಿಂಗಳು. ಆರು ತಿಂಗಳನ್ನೂ ದಾಟಿತೋ, ಅದು ಜನ್ಮ ಜನ್ಮಾಂತರಕ್ಕೆ ಕಟ್ಟಿಕೊಂಡು ಬರುವ ಜಾತಿಯದು, ಅನಂತಾನುಬಂಧಿ.

ಇದನ್ನು ಓದಿದಾಗ ನನಗೆ ಹಿಡಿದದ್ದು ಇಷ್ಟು: ದೋಷಕ್ಕೂ ವಯಸ್ಸಿದೆ. ನಿನ್ನೆ ರಾತ್ರಿ ಬಂದ ಸಿಟ್ಟು ಇವತ್ತು ಬೆಳಿಗ್ಗೆ ಇನ್ನೂ ನನ್ನದಾಗಿಲ್ಲ, ಬಂದು ಹೋಗುವ ನೆಂಟನ ಹಾಗೆ ಇದೆ. ಆರು ತಿಂಗಳು ಊಟ ಹಾಕಿ ಸಾಕಿದರೆ ಅದೇ ಮನೆಯ ಯಜಮಾನ. ಲಾರಿಯಲ್ಲೂ ಹೀಗೇ ಆಗುತ್ತದೆ. ಹಬ್‌ನ ಸೀಲು ಜಿನುಗುವುದನ್ನು ಮೊದಲ ವಾರ ಕಂಡರೆ ಸೀಲು ಬದಲಾಯಿಸಿದರೆ ಸಾಕು. ಬಿಟ್ಟರೆ ಆಯಿಲು ಬ್ರೇಕ್ ಲೈನಿಂಗಿಗೆ ಹತ್ತುತ್ತದೆ, ಆ ಚಕ್ರದ ಬ್ರೇಕು ಜಾರುತ್ತದೆ, ಉಳಿದ ಚಕ್ರಗಳ ಮೇಲೆ ಹೊರೆ ಬೀಳುತ್ತದೆ, ಘಾಟಿಯಲ್ಲಿ ಡ್ರಮ್ಮು ಕಾದು ಹೊಗೆ ಬರುತ್ತದೆ. ಆಗ ‘ಸೀಲು ಕಂಪನಿಯದು’ ಎನ್ನುವ ಮಾತಿಗೆ ಅರ್ಥ ಉಳಿದಿರುವುದಿಲ್ಲ. ದೋಷದ ಮೂಲ ಒಬ್ಬರದಿರಬಹುದು. ಅದರ ಬೆಳವಣಿಗೆ ಅದನ್ನು ನೋಡದೆ ಬಿಟ್ಟವನದು.

ಸರ್ವೀಸ್ ಸ್ಟೇಷನ್ನಿನ ಫೋರ್‌ಮನ್ ವಯಸ್ಸಾದವರು, ಮಾತು ಕಡಿಮೆ. ಲಾರಿಯನ್ನು ರಾತ್ರಿಯೇ ತಂದು ಬಿಡಲು ಹೇಳಿದ್ದರು, ಎಂಜಿನ್ನು ಪೂರ್ತಿ ತಣ್ಣಗಾಗಿ ಬೆಳಿಗ್ಗೆ ಅವರ ಎದುರಿಗೇ ಸ್ಟಾರ್ಟ್ ಆಗಬೇಕು ಎಂದು. ಬರುವ ಮುಂಚೆ ವಾಟರ್ ಸರ್ವೀಸ್ ಮಾಡಿಸಬೇಡಿ ಎಂದೂ ಹೇಳಿದ್ದರು. ತೊಳೆದ ಗಾಡಿ ಏನನ್ನೂ ಹೇಳುವುದಿಲ್ಲವಂತೆ. ಗುಂಡಿಗೆ ಇಳಿದು, ಎಂಜಿನ್ನು ಗೇರ್‌ಬಾಕ್ಸು ಸೇರುವ ಕಡೆ ಟಾರ್ಚು ಬಿಟ್ಟರು. ಕಪ್ಪಗೆ ಒಂದು ಅಂಗೈ ಅಗಲ ಧೂಳು ಹೆಪ್ಪುಗಟ್ಟಿತ್ತು. ಆಯಿಲು ಇದ್ದ ಕಡೆಯೇ ಧೂಳು ನಿಲ್ಲುವುದು. ನಾನು ಸೋರುತ್ತಿದೆ ಎಂದೆ. ಅವರು, ‘ತಡೀರಿ ಯಜಮಾನ್ರೇ, ಇದು ಕಲೆಯೋ ಸೋರಿಕೆಯೋ ನೋಡಬೇಕು’ ಎಂದರು. ಬಟ್ಟೆ ತೆಗೆದುಕೊಂಡು ಲೋಹ ಹೊಳೆಯುವ ಹಾಗೆ ಒರೆಸಿದರು. ಆಮೇಲೆ ಗಾಡಿಯನ್ನು ಹೈವೇಗೆ ಹಾಕಿ ಬಿಸಿಯಾಗುವವರೆಗೆ ಓಡಿಸಿಕೊಂಡು ಬಂದು ಮತ್ತೆ ಅದೇ ಜಾಗಕ್ಕೆ ಟಾರ್ಚು ಹಿಡಿದರು. ಒರೆಸಿದ ಲೋಹದ ಕೆಳ ಅಂಚಿನಲ್ಲಿ ಉಗುರಿನಷ್ಟು ಹೊಸ ತೇವ ಇತ್ತು. ಬೆರಳಲ್ಲಿ ಮುಟ್ಟಿ ನನಗೆ ತೋರಿಸಿದರು. ಇನ್ನೊಂದು ಕಡೆ, ಗೇರ್‌ಬಾಕ್ಸಿನ ಮೇಲುಮುಚ್ಚಳದ ಹತ್ತಿರ, ಹಾಗೇ ಒರೆಸಿದ್ದ ಜಾಗ ಒಣಗಿಯೇ ಇತ್ತು. ಅದು ಹಿಂದೆಂದೋ ಆಯಿಲ್ ಹಾಕುವಾಗ ಚೆಲ್ಲಿದ್ದು.

ಆತ್ಮಪರೀಕ್ಷೆ ಮಾಡಿಕೊಳ್ಳುವವರು ಈ ಕ್ರಮವನ್ನು ಬಿಟ್ಟುಬಿಡುತ್ತಾರೆ. ಹಳೆಯ ಕಲೆಗಳನ್ನು ನೋಡಿಕೊಂಡೇ ಕೆಲವರು ಜೀವಮಾನವೆಲ್ಲ ಕೊರಗುತ್ತಾರೆ. ಯೌವನದಲ್ಲಿ ಆಡಿದ ಒಂದು ಮಾತು, ಅದಕ್ಕೆ ಕ್ಷಮೆ ಕೇಳಿಯೂ ಆಗಿದೆ, ಆದರೂ ಅದನ್ನೇ ಸವರುತ್ತಿರುತ್ತಾರೆ. ಇನ್ನು ಕೆಲವರು ಇವತ್ತೂ ಜಿನುಗುತ್ತಿರುವುದನ್ನು ‘ಅದು ಹಳೆಯದು ಬಿಡಿ’ ಎನ್ನುತ್ತಾರೆ. ಪ್ರತಿಕ್ರಮಣ ಎಂದು ನಮ್ಮಲ್ಲಿ ಹೇಳುವ ಕ್ರಿಯೆ ಈ ಎರಡನ್ನೂ ಬೇರೆ ಮಾಡುವುದಕ್ಕೆ ಇರುವುದು. ಮಾಡಿದ್ದನ್ನು ನೆನೆದು ಒರೆಸುವುದು, ಮತ್ತೆ ಬದುಕಿಗೆ ಹೋಗುವುದು, ಮತ್ತೆ ಬಂದು ಅದೇ ಜಾಗ ನೋಡುವುದು. ಅದಕ್ಕೇ ಅದು ಒಂದು ಸಲ ಮಾಡಿ ಮುಗಿಸುವ ಕೆಲಸವಲ್ಲ. ದಿನದ್ದು ಬೇರೆ, ರಾತ್ರಿಯದು ಬೇರೆ, ಪಕ್ಷಕ್ಕೆ, ಚಾತುರ್ಮಾಸಕ್ಕೆ, ವರ್ಷಕ್ಕೆ ಬೇರೆ ಬೇರೆ.

ಫೋರ್‌ಮನ್ ಕಣ್ಣಿಗೆ ಬೀಳದ ದೋಷವೂ ಒಂದಿತ್ತು. ಅದನ್ನು ಹೇಳಿದ್ದು ನಮ್ಮ ಡ್ರೈವರು. ‘ಅಣ್ಣ, ಶಿರಾಡಿ ಇಳಿಯೋವಾಗ ಆಕ್ಸಿಲೇಟರ್‌ ಮೇಲಿಂದ ಕಾಲು ತೆಗೆದ್ರೆ ಹಿಂದುಗಡೆ ಹೌಸಿಂಗ್‌ನಾಗೆ ಊಳಿಟ್ಟಂಗೆ ಸದ್ದು ಬತ್ತದೆ. ಮತ್ತೆ ಕಾಲಿಟ್ರೆ ಇರಾಕಿಲ್ಲ’ ಎಂದ. ನಿಂತ ಗಾಡಿಯಲ್ಲಿ, ಖಾಲಿ ಗಾಡಿಯಲ್ಲಿ ಆ ಸದ್ದು ಬರುವುದಿಲ್ಲ. ಲೋಡು ಇದ್ದು, ಇಳಿಜಾರಿದ್ದು, ಕಾಲು ತೆಗೆದಾಗ ಮಾತ್ರ. ಅದರ ಜೊತೆ ರಾತ್ರಿಗಳನ್ನು ಕಳೆದವನಿಗಷ್ಟೇ ಗೊತ್ತಿರುವ ಸಂಗತಿ. ಫೋರ್‌ಮನ್ ಅವನ ಮಾತನ್ನು ಹಾಗೆಯೇ ಜಾಬ್ ಕಾರ್ಡಿಗೆ ಬರೆದುಕೊಂಡರು, ತಾರೀಖು, ಕಿಲೋಮೀಟರು ಸಮೇತ. ವಾಯಿದೆಯೊಳಗೆ ಬರೆದದ್ದಕ್ಕೆ ಮಾತ್ರ ಬೆಲೆ. ಹೌಸಿಂಗು ಬಿಚ್ಚಿದಾಗ ಪಿನಿಯನ್ ಬೇರಿಂಗು ಸಡಿಲಾಗಿತ್ತು.

ದೋಷ ಹೇಳಿಕೊಳ್ಳುವುದು ಎಷ್ಟು ಕಷ್ಟದ ಕೆಲಸ ಎಂದು ನಮ್ಮ ಹಿರಿಯರಿಗೆ ಗೊತ್ತಿತ್ತು. ಭಗವತೀ ಆರಾಧನಾ ಎಂಬ ಪ್ರಾಕೃತ ಗ್ರಂಥವಿದೆ. ಕನ್ನಡದ ಮೊದಲ ಗದ್ಯಕೃತಿ ಎಂದು ನಾವು ಓದುವ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಿಗೆ ಬೇರು ಅದರಲ್ಲಿದೆ. ಸಮಾಧಿಮರಣಕ್ಕೆ, ಅಂದರೆ ಉಪವಾಸವಿದ್ದು ದೇಹ ಬಿಡುವುದಕ್ಕೆ, ಹೊರಟ ಮುನಿ ಗುರುವಿನ ಮುಂದೆ ತನ್ನ ದೋಷಗಳನ್ನು ಒಪ್ಪಿಸುವುದಕ್ಕೆ ಆಲೋಚನೆ ಎನ್ನುತ್ತಾರೆ. ಆ ಒಪ್ಪಿಸುವಿಕೆಯಲ್ಲೇ ನುಸುಳುವ ಹತ್ತು ದೋಷಗಳನ್ನು ಆ ಗ್ರಂಥ ಪಟ್ಟಿ ಮಾಡುತ್ತದೆ. ಗುರುವಿಗೆ ಸೇವೆ ಮಾಡಿ ಮೆಚ್ಚಿಸಿ ಆಮೇಲೆ ಹೇಳುವುದು. ‘ನನ್ನ ಮೈಯಲ್ಲಿ ಶಕ್ತಿಯಿಲ್ಲ’ ಎಂದು ಮೊದಲೇ ಕನಿಕರ ಹುಟ್ಟಿಸಿಕೊಳ್ಳುವುದು. ಬೇರೆಯವರು ಕಂಡಿದ್ದನ್ನಷ್ಟೇ ಹೇಳುವುದು. ದೊಡ್ಡದನ್ನು ಮಾತ್ರ ಹೇಳಿ ಸಣ್ಣದನ್ನು ಬಿಡುವುದು. ಸಣ್ಣದನ್ನು ಮಾತ್ರ ಹೇಳಿ ದೊಡ್ಡದನ್ನು ನುಂಗುವುದು. ‘ಯಾರಾದರೂ ಹೀಗೆ ಮಾಡಿದರೆ ಏನು ಪ್ರಾಯಶ್ಚಿತ್ತ’ ಎಂದು ಮರೆಯಲ್ಲಿ ನಿಂತು ಕೇಳುವುದು. ಗದ್ದಲದ ನಡುವೆ, ಕೇಳಿಸದ ಹಾಗೆ ಹೇಳಿ ಮುಗಿಸುವುದು. ಒಬ್ಬ ಗುರು ಹೇಳಿದ್ದು ಸಾಲದೆಂದು ಇನ್ನೊಬ್ಬರನ್ನು, ಮತ್ತೊಬ್ಬರನ್ನು ಕೇಳುತ್ತಾ ಹೋಗುವುದು. ತಿಳಿಯದವರ ಮುಂದೆ ಹೇಳುವುದು. ಅದೇ ದೋಷ ಇರುವವನನ್ನೇ ಹುಡುಕಿಕೊಂಡು ಹೋಗಿ ಅವನಿಗೆ ಹೇಳುವುದು.

ಸರ್ವೀಸ್ ಸ್ಟೇಷನ್ನಿನ ಕೌಂಟರಿನಲ್ಲಿ ಒಂದು ದಿನ ಕೂತವರಿಗೆ ಈ ಹತ್ತೂ ಕಾಣಿಸುತ್ತವೆ. ಮಿರರು ಒಡೆದಿದೆ, ವೈಪರು ತಿರುಗುತ್ತಿಲ್ಲ ಎಂದು ಸಣ್ಣದನ್ನೆಲ್ಲ ಬರೆಸಿ, ಎಂಜಿನ್ನು ಕಾದ ವಿಷಯ ಹೇಳದೆ ಹೋಗುವವರಿದ್ದಾರೆ. ‘ನಮ್ಮ ಸ್ನೇಹಿತರ ಗಾಡೀಲಿ ಹಿಂಗಾಗಿದೆ, ಕ್ಲೇಮ್ ಸಿಗುತ್ತಾ?’ ಎಂದು ತಮ್ಮ ಗಾಡಿಯದನ್ನೇ ಕೇಳುವವರಿದ್ದಾರೆ. ಒಬ್ಬ ಮೆಕ್ಯಾನಿಕ್ ಕ್ರೌನ್ ಹೋಗಿದೆ ಎಂದರೆ, ಹೋಗಿಲ್ಲ ಎನ್ನುವವನು ಸಿಗುವವರೆಗೆ ಗ್ಯಾರೇಜು ಗ್ಯಾರೇಜು ತಿರುಗುವವರಿದ್ದಾರೆ. ಹತ್ತನೆಯದಂತೂ ಎಲ್ಲ ಕಡೆಯೂ ಇದೆ. ಓವರ್‌ಲೋಡು ಹಾಕುವವನು ಓವರ್‌ಲೋಡು ಹಾಕುವವನ ಹತ್ತಿರವೇ ಸಲಹೆ ಕೇಳುತ್ತಾನೆ, ‘ಏನೂ ಆಗಲ್ಲ ಹಾಕಿ’ ಎನ್ನಿಸಿಕೊಂಡು ಸಮಾಧಾನವಾಗಿ ಮನೆಗೆ ಹೋಗುತ್ತಾನೆ.

ಓವರ್‌ಲೋಡಿನ ಮಾತನ್ನು ಹಾಗೇ ಬಿಟ್ಟು ಹೋಗಲಾರೆ. 2018ರಲ್ಲಿ ಸರ್ಕಾರ ಹತ್ತು ಚಕ್ರದ ಲಾರಿಯ ಒಟ್ಟು ತೂಕದ ಮಿತಿಯನ್ನು 25 ಟನ್ನಿನಿಂದ 28.5 ಟನ್ನಿಗೆ ಏರಿಸಿತು. ಅದರ ಮೇಲೂ ಹಾಕುವ ಆಸೆ ನಿಲ್ಲಲಿಲ್ಲ. ನಮ್ಮ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಗೃಹಸ್ಥನ ಅಹಿಂಸಾವ್ರತಕ್ಕೆ ಬರುವ ಐದು ಅತಿಚಾರಗಳನ್ನು, ಅಂದರೆ ಲೋಪಗಳನ್ನು, ಹೇಳಿದೆ. ಕಟ್ಟುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಅನ್ನ ನೀರು ತಡೆಯುವುದು. ಇವುಗಳ ಸಾಲಿನಲ್ಲೇ ಅತಿಭಾರಾರೋಪಣ, ಮಿತಿ ಮೀರಿದ ಹೊರೆ ಹೊರಿಸುವುದು. ಆ ಕಾಲಕ್ಕೆ ಅದು ಎತ್ತು ಕುದುರೆಗಳ ಮಾತು. ಲಾರಿಗೆ ಜೀವವಿಲ್ಲ ಎಂದು ಇವತ್ತು ತಪ್ಪಿಸಿಕೊಳ್ಳುವ ಹಾಗಿಲ್ಲ. ಇಳಿಜಾರಿನಲ್ಲಿ ಬ್ರೇಕ್ ಒತ್ತುವ ಕಾಲಿಗೆ ಜೀವವಿದೆ, ತಿರುವಿನಲ್ಲಿ ಎದುರು ಬರುವ ಬೈಕಿನವನಿಗೆ ಜೀವವಿದೆ. ಫೋರ್‌ಮನ್ ಹಿಂದಿನ ಸ್ಪ್ರಿಂಗ್ ಪ್ಲೇಟುಗಳನ್ನೂ ಚಾಸಿಯ ಬ್ರಾಕೆಟ್ಟುಗಳನ್ನೂ ಬಹಳ ಹೊತ್ತು ನೋಡುವುದು ಇದಕ್ಕೇ. ಅಲ್ಲಿ ಬಿದ್ದ ಬಿರುಕು ಮಾಲೀಕನ ಲೋಭವನ್ನು ಯಾವ ಬಿಲ್ಲಿಗಿಂತಲೂ ಸ್ಪಷ್ಟವಾಗಿ ಬರೆದಿಟ್ಟಿರುತ್ತದೆ.

ನಮ್ಮ ಲಾರಿಯ ಲೆಕ್ಕ ಹೀಗೆ ತೀರ್ಮಾನವಾಯಿತು. ಪಿನಿಯನ್ ಬೇರಿಂಗು, ಎಂಜಿನ್ ಹಿಂದಿನ ಆಯಿಲ್ ಸೀಲು ವಾರಂಟಿಯಲ್ಲಿ ಬಂದವು. ಕ್ಲಚ್ಚು, ಕಿಂಗ್ ಪಿನ್ನಿನ ಬುಷ್ಷು ಸವೆತ ಎಂದು ನನ್ನ ಖರ್ಚಿಗೆ ಬಂದವು, ಅದು ನ್ಯಾಯವೇ. ಇನ್ನು ಮೀಟರು ಆರು ಲಕ್ಷ ದಾಟುತ್ತದೆ. ಆಮೇಲೆ ಬರುವ ಯಾವ ಸದ್ದಿಗೂ ‘ಯಾರ ತಪ್ಪು’ ಎಂದು ಕೇಳಿ ಪ್ರಯೋಜನವಿಲ್ಲ. ‘ಯಾರು ಸರಿ ಮಾಡುತ್ತಾರೆ’ ಎಂಬುದೊಂದೇ ಉಳಿಯುವ ಪ್ರಶ್ನೆ.

ಮನುಷ್ಯನ ಬಾಳಿನಲ್ಲೂ ಈ ದಾಟು ಇದೆ ಎಂದು ನಾನು ನಂಬುತ್ತೇನೆ. ನಮ್ಮ ಮನೆತನದಲ್ಲಿ ಸಿಟ್ಟು ಹೆಚ್ಚು. ಅಜ್ಜನದು ಅಪ್ಪನಿಗೆ ಬಂತು, ಅಪ್ಪನದು ನನಗೆ. ಹುಡುಗನಾಗಿದ್ದಾಗ ‘ಇವನು ಅಪ್ಪನ ಹಾಗೇ’ ಎಂದು ಹೇಳಿ ಬಿಟ್ಟುಬಿಡುತ್ತಿದ್ದರು, ಅದು ಸರಿಯೇ ಇತ್ತು. ಹುಡುಗನ ಸಿಟ್ಟಿಗೆ ಅವನನ್ನು ಬೆಳೆಸಿದವರು ಒಂದಷ್ಟು ಕಾಲ ಹೊಣೆ. ಆದರೆ ತಲೆ ನರೆತ ಮೇಲೂ ‘ನಮ್ಮಪ್ಪ ಹಾಗಿದ್ದರು, ಅದಕ್ಕೇ ನಾನು ಹೀಗೆ’ ಎನ್ನುವವನ ಮಾತು ನಿಜವಾಗಿದ್ದರೂ ಕೆಲಸಕ್ಕೆ ಬರುವುದಿಲ್ಲ. ಕಾರಣ ಅಪ್ಪನದೇ ಇರಲಿ. ಸ್ಟಿಯರಿಂಗ್ ಹಿಡಿದಿರುವವನು ನಾನು, ಪಕ್ಕದಲ್ಲಿ ಕೂತಿರುವವರು ನನ್ನ ಹೆಂಡತಿ ಮಕ್ಕಳು. ದೂರುವುದಕ್ಕೆ ಒಂದು ವಾಯಿದೆ ಉಂಟು. ಹೊರುವುದಕ್ಕೆ ಇಲ್ಲ.

ಲಾರಿಗೂ ನಮಗೂ ಒಂದು ವ್ಯತ್ಯಾಸವಿದೆ. ಅದರ ಕೊನೆಯ ತಾರೀಖು ಪತ್ರದಲ್ಲಿ ಅಚ್ಚಾಗಿದೆ, ನಮ್ಮದು ಎಲ್ಲೂ ಬರೆದಿಲ್ಲ. ಬೆಳಗೊಳದ ಚಂದ್ರಗಿರಿಯ ಬಂಡೆಗಳ ಮೇಲೆ ಏಳನೆಯ ಶತಮಾನದಿಂದೀಚೆಗೆ ಸಮಾಧಿಮರಣ ಪಡೆದವರ ಶಾಸನಗಳಿವೆ. ತಮ್ಮ ಕೊನೆ ಹತ್ತಿರವಾಯಿತೆಂದು ಅರಿತು, ದೋಷಗಳನ್ನು ಒಪ್ಪಿಸಿ, ಎಲ್ಲರ ಕ್ಷಮೆ ಕೇಳಿ ಹೊರಟವರು ಅವರು. ಅಷ್ಟು ಎಚ್ಚರ ಎಲ್ಲರಿಗೂ ಬರುವುದಿಲ್ಲ. ದೊಡ್ಡ ತಾರೀಖು ಗೊತ್ತಿಲ್ಲವೆಂದೇ ಸಣ್ಣ ತಾರೀಖುಗಳನ್ನು ಹಿರಿಯರು ಮಾಡಿಟ್ಟರು: ದಿನ, ಪಕ್ಷ, ನಾಲ್ಕು ತಿಂಗಳು, ವರ್ಷಕ್ಕೊಮ್ಮೆ ಭಾದ್ರಪದದ ದಶಲಕ್ಷಣ ಪರ್ವ, ಅದು ಮುಗಿದ ಮೇಲೆ ಎಲ್ಲರ ಹತ್ತಿರ ಕ್ಷಮೆ ಕೇಳುವ ದಿನ. ಆರು ತಿಂಗಳೊಳಗೆ ನೋಡಿಕೊಳ್ಳದಿದ್ದರೆ ಜನ್ಮಕ್ಕೆ ಅಂಟುತ್ತದೆ ಎಂಬ ಲೆಕ್ಕವನ್ನು ನಾನು ಹೆದರಿಕೆಯ ಮಾತೆಂದು ತಿಳಿಯುವುದಿಲ್ಲ. ಆರು ತಿಂಗಳವರೆಗೆ ಬಾಗಿಲು ತೆರೆದಿದೆ ಎಂದೂ ಅದು ಹೇಳುತ್ತದೆ.

ಆ ಬಾಗಿಲಿನ ಒಳಗೆ ಯಾರು ಕೂತಿರಬೇಕು ಎನ್ನುವುದನ್ನೂ ಭಗವತೀ ಆರಾಧನಾ ಹೇಳುತ್ತದೆ. ದೋಷ ಕೇಳಿಸಿಕೊಳ್ಳುವ ಗುರು ಶಾಸ್ತ್ರ ಬಲ್ಲವನಾಗಿರಬೇಕು, ಹೇಳಲು ಹಿಂಜರಿಯುವವನಿಂದ ಹೊರಗೆ ತೆಗೆಸಬಲ್ಲವನಾಗಿರಬೇಕು, ಕೇಳಿದ್ದನ್ನು ಇನ್ನೊಬ್ಬರ ಮುಂದೆ ಎಂದೂ ಆಡದವನಾಗಿರಬೇಕು. ಹತ್ತು ದೋಷಗಳ ಪಟ್ಟಿಯನ್ನು ಹೇಳುವವನಿಗೆ ಕೊಟ್ಟ ಗ್ರಂಥ, ಕೇಳುವವನಿಗೂ ತೂಕದ ಷರತ್ತು ಹಾಕಿತು. ಇದನ್ನು ನಾನು ನನ್ನ ಕಸುಬಿಗೂ ಮನೆಗೂ ಅನ್ವಯಿಸಿಕೊಂಡಿದ್ದೇನೆ. ಡ್ರೈವರು ಸದ್ದಿನ ವಿಷಯ ಹೇಳಿದ್ದು ಹೇಳಿದರೆ ಬೈಗುಳ ಬೀಳುವುದಿಲ್ಲ ಎಂಬ ಧೈರ್ಯದಿಂದ. ಹೇಳಿದವನ ಸಂಬಳದಲ್ಲಿ ರಿಪೇರಿ ಖರ್ಚು ಹಿಡಿಯುವ ಯಜಮಾನನ ಗಾಡಿಯಲ್ಲಿ ಯಾವ ಸದ್ದೂ ವಾಯಿದೆಯೊಳಗೆ ಜಾಬ್ ಕಾರ್ಡಿಗೆ ಬರುವುದಿಲ್ಲ. ಮನೆಯಲ್ಲಿ ಮಗ ತನ್ನ ತಪ್ಪನ್ನು ಸಣ್ಣದಿರುವಾಗಲೇ ಬಂದು ಹೇಳಬೇಕಾದರೆ, ಅಪ್ಪನಾದವನ ಸಿಟ್ಟು ಮುಹೂರ್ತದ ದರ್ಜೆಯದಾಗಿರಬೇಕು. ತನ್ನ ದೋಷವನ್ನು ಹೊತ್ತಿಗೆ ಸರಿಯಾಗಿ ನೋಡಿಕೊಳ್ಳುವುದು ಅರ್ಧ ಧರ್ಮ. ಇನ್ನೊಬ್ಬರು ಅವರದನ್ನು ಹೊತ್ತಿಗೆ ಸರಿಯಾಗಿ ಬಂದು ಹೇಳಬಹುದಾದಂಥ ಮನುಷ್ಯನಾಗಿರುವುದು ಉಳಿದ ಅರ್ಧ.